ಮೊದಲು ಬಸ್ಸು, ಆಮೇಲೆ ಊಟ, ಆಮೇಲೆ ಕಬಡ್ಡಿ

ಬೆಳಗ್ಗೆ ಐದೂಮುಕ್ಕಾಲು. ಪಿ.ಬಿ. ರಸ್ತೆಯ ಹೋಟೆಲ್ ಮುಂದೆ ಬಸ್ ನಿಂತಿದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, 19 ಆಟಗಾರರಲ್ಲಿ ಕೆಳಗೆ ಬಂದವರು ಏಳು ಜನ. ಉಳಿದವರು ಗೊರಕೆ ಹೊಡೆಯುತ್ತಿದ್ದಾರೆ. ಅವರದ್ದೇನೂ ತಪ್ಪಿಲ್ಲ. ಟೈಮ್ ಬದಲಾಗಿದೆ ಅಂತ ರಾತ್ರಿ ನಾನು ಹಾಕಿದ ಮೆಸೇಜು 'ಕ್ಯಾಂಪ್ ಹೊಸದು' ಗ್ರೂಪಿಗೆ ಹೋಗಿತ್ತು, ಅವರೆಲ್ಲ ಇದ್ದದ್ದು 'ಕ್ಯಾಂಪ್ ಫೈನಲ್' ಗ್ರೂಪಿನಲ್ಲಿ. ಬರೀ 'ಕ್ಯಾಂಪ್' ಅಂತ ಇನ್ನೊಂದಿತ್ತು, ಅದರಲ್ಲಿ ದೇವರ ಫೋಟೊ ಮತ್ತು ಗುಡ್ ಮಾರ್ನಿಂಗ್ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಒಂದು ವಾಟ್ಸಾಪ್ ಗ್ರೂಪಿನಲ್ಲಿ 1024 ಜನ ಹಿಡಿಯುತ್ತಾರೆ. ನಾವು ಎಲ್ಲ ಸೇರಿ 38 ಜನ, ಗ್ರೂಪು ಮಾತ್ರ ಹದಿನಾಲ್ಕು!

ನಾನು ದಾವಣಗೆರೆಯವನು. ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕೆ ಜಾತ್ರೆಯ ಕುಸ್ತಿ ನೋಡಿ ಬೆಳೆದವನು, ಹೊಟ್ಟೆಪಾಡಿಗೆ ಸೇರಿದ್ದು ಮಾತ್ರ ಕಬಡ್ಡಿಗೆ. ಒಂದು ವೃತ್ತಿಪರ ತಂಡದಲ್ಲಿ ಆಪರೇಷನ್ಸ್ ನೋಡಿಕೊಳ್ಳುತ್ತೇನೆ. ಅಂದರೆ ಬಸ್ಸು, ರೂಮು, ಊಟ, ಟಿಕೆಟ್ಟು, ಮತ್ತು ಎಲ್ಲರ ಬೈಗುಳ. ತಂಡದ ಹೆಸರು ಬೇಡ. ಆ ಸಲ ಸೀಸನ್ ಮುಂಚಿನ ಆರು ವಾರದ ಕ್ಯಾಂಪು ನಮ್ಮೂರಿನಲ್ಲೇ ಇತ್ತು.

ಬಸ್ಸಿನ ಕಥೆ ಬೆಂಗಳೂರಿನ ಆಫೀಸಿಗೆ ಮುಟ್ಟಿತು. ಎಲ್ಲರೂ ಒಂದೇ ಕಡೆ ಇರಬೇಕು, ವಿಷಯಕ್ಕೊಂದು ಚಾನೆಲ್ ಇರಬೇಕು ಅಂತ ಆಫೀಸಿನವರು ಮೆಸೇಜಿಗೆ ಬಳಸುವ ಸ್ಲ್ಯಾಕ್, ಟೀಮ್ಸ್ ಥರದ್ದೊಂದು ಆ್ಯಪ್ ತರುವುದು ಅಂತಾಯಿತು. ಆಯ್ಕೆ ಮಾಡುವಾಗ ನಾನು ಎರಡೇ ಪ್ರಶ್ನೆ ಕೇಳಿದ್ದು. ಹಳೇ ಮೆಸೇಜು ಎಷ್ಟು ದಿನ ಕಾಣುತ್ತೆ? ಸ್ಲ್ಯಾಕ್‌ನ ಉಚಿತ ಪ್ಲಾನ್‌ನಲ್ಲಿ 2022ರ ಸೆಪ್ಟೆಂಬರ್‌ನಿಂದ 90 ದಿನದ್ದು ಮಾತ್ರ ಕಾಣುವುದು. ಕ್ಯಾಂಪಿನಲ್ಲಿ ಬರೆದಿಟ್ಟದ್ದು ಸೀಸನ್ ಕೊನೆಗೆ ಬೇಕಾದಾಗ ಇರಲ್ಲ ಅಂದರೆ ನಮಗೆ ಪ್ರಯೋಜನ ಇಲ್ಲ. ಇನ್ನೊಂದು, ನಾಳೆ ಕಂಪನಿಯೇ ಅಂಗಡಿ ಮುಚ್ಚಿದರೆ ನಮ್ಮ ಸರಕು ವಾಪಸ್ ಸಿಗುತ್ತಾ? ಇದು ಸುಮ್ನೆ ಹೆದರಿಕೆ ಅಲ್ಲ. ಫೇಸ್‌ಬುಕ್‌ನವರು 2016ರಲ್ಲಿ ಶುರು ಮಾಡಿದ ವರ್ಕ್‌ಪ್ಲೇಸ್ ಅನ್ನೋ ಇಂಥದ್ದೇ ಆ್ಯಪ್ ಅನ್ನು ಮುಚ್ಚುತ್ತೇವೆ ಅಂತ 2024ರಲ್ಲಿ ಅವರೇ ಹೇಳಿದರು. ದುಡ್ಡು ಕೊಡುವ ಪ್ಲಾನ್ ತಗೊಂಡೆವು.

ಮೊದಲನೇ ಸಲ ಪೂರ್ತಿ ನೆಗೆದುಬಿತ್ತು. ಆಫೀಸಿನಿಂದ ಒಬ್ಬರು ಬಂದು ಹೋಟೆಲ್ ಹಾಲ್‌ನಲ್ಲಿ ಒಂದು ಗಂಟೆ ಸ್ಲೈಡ್ ತೋರಿಸಿದರು. 31 ಚಾನೆಲ್. ಪ್ರಾಯೋಜಕರಿಗೊಂದು, ಜೆರ್ಸಿಗೊಂದು, 'ಸ್ಫೂರ್ತಿ' ಅಂತ ಕೂಡ ಒಂದು. ಎರಡು ಗಂಟೆ ಮ್ಯಾಟ್ ಮೇಲೆ ಬಿದ್ದು ಎದ್ದು ಬಂದ ಹುಡುಗರು, ಅರ್ಧ ಜನ ಕೂತಲ್ಲೇ ನಿದ್ದೆ. ಎರಡು ವಾರ ಆದಮೇಲೆ ನೋಡಿದರೆ ಮೆಸೇಜು ಹಾಕುತ್ತಿದ್ದವರು ಮೂರು ಜನ, ಮೂವರೂ ಆಫೀಸಿನವರು, ಒಬ್ಬರಿಗೊಬ್ಬರು 'ನೋಟೆಡ್' ಅಂತ ಹಾಕಿಕೊಂಡು ಕೂತಿದ್ದರು.

ಆಗ ನಾನು ಕೋಚ್ ಸರ್ ಹತ್ತಿರ ಹೋಗಿ ಎರಡು ವಾರ ನನಗೆ ಬಿಡಿ ಅಂದೆ. 31ರಲ್ಲಿ ಐದು ಇಟ್ಟು ಉಳಿದದ್ದನ್ನೆಲ್ಲ ತೆಗೆದೆ: ಬಸ್, ಊಟ, ವಿಡಿಯೊ, ಮಾತ್ರೆ, ಹರಟೆ. ಆಮೇಲೆ ಬಸ್ ಟೈಮು, ಊಟದ ಮೆನು ಎರಡನ್ನೂ ಬೇರೆಲ್ಲೂ ಹೇಳುವುದನ್ನು ನಿಲ್ಲಿಸಿದೆ. ವಾಟ್ಸಾಪಿನಲ್ಲಿ ಕೇಳಿದರೆ ಉತ್ತರ ಇಲ್ಲ. ಫೋನ್ ಮಾಡಿದರೆ 'ಅಲ್ಲಿ ಹಾಕಿದೀನಿ ನೋಡಪ್ಪ'. ಮೊದಲ ಮೂರು ದಿನ ಎಲ್ಲರೂ ನನ್ನ ಮೇಲೆ ಉರಿದುಬಿದ್ದರು. ನಾಲ್ಕನೇ ದಿನ ರಾತ್ರಿ ಎಂಟಕ್ಕೆ 'ಊಟ' ಚಾನೆಲ್ ತುಂಬಿತ್ತು. ಹರಿಯಾಣದವರಿಗೆ ರೊಟ್ಟಿ ತುಪ್ಪ, ತಮಿಳುನಾಡಿನವರಿಗೆ ಅನ್ನ. ನಾಳೆ ಎಷ್ಟು ಲೀಟರ್ ಹಾಲು ಅಂತ ಮೊದಲ ಸಲ ಲೆಕ್ಕ ಸಿಕ್ಕಿತು.

ಇದರಲ್ಲಿ ನಿಜವಾದ ಗೆಲುವು ನಮ್ಮ ಅಡುಗೆಯವರದ್ದು. ಅರವತ್ತು ದಾಟಿದ ಮನುಷ್ಯ, ಫೋನಿನಲ್ಲಿ ಟೈಪ್ ಮಾಡಿದವರಲ್ಲ. ವಾಯ್ಸ್ ಮೆಸೇಜ್ ಒತ್ತುವುದು ತೋರಿಸಿದೆ. 'ತಮ್ಮಾ, ಇದ್ರಾಗೆ ಒತ್ತಿ ಹಿಡಕಂಡು ಮಾತಾಡಿದ್ರೆ ಸಾಕಾ?' ಅಂದರು. ಮಾರನೇ ದಿನದಿಂದ ಮೆನು ಅವರ ದನಿಯಲ್ಲೇ ಬಂತು, ಅಪ್ಪಟ ದಾವಣಗೆರೆ ಕನ್ನಡದಲ್ಲಿ, ಕೊನೆಗೆ 'ಉಳಿಸಬ್ಯಾಡ್ರಪಾ' ಅಂತ. ಹರಿಯಾಣದ ಹುಡುಗರು ಅರ್ಥ ಆಗದಿದ್ದರೂ ಎರಡೆರಡು ಸಲ ಕೇಳುತ್ತಿದ್ದರು, ಕೊನೆಕೊನೆಗೆ ತಟ್ಟೆ ಇಡುವಾಗ ಅವರೇ 'ಉಳಿಸಬ್ಯಾಡ್ರಪಾ' ಅನ್ನುತ್ತಿದ್ದರು. ಒಂದು ಭಾನುವಾರ ಯಾರೋ ಕದ್ದು ಬೆಣ್ಣೆ ದೋಸೆ ತಿಂದು, ಗೆಳೆಯನಿಗೆ ಕಳಿಸಬೇಕಾದ ಫೋಟೊವನ್ನು ಅಲ್ಲೇ ಹಾಕಿಬಿಟ್ಟ. ಕೋಚ್ ಸರ್ ಒಂದು ಮಾತೂ ಬರೆಯಲಿಲ್ಲ. ತೂಕದ ಯಂತ್ರದ ಫೋಟೊ ಹಾಕಿದರು, ಅಷ್ಟೇ.

ಬಸ್ಸಿಗೂ ಊಟಕ್ಕೂ ದಿನಾ ಆ್ಯಪ್ ತೆಗೆಯುವುದು ರೂಢಿ ಆದಮೇಲೆ ವಿಡಿಯೊ ಶುರು ಮಾಡಿದೆವು. ಮೊದಲೆಲ್ಲ ಅನಾಲಿಸ್ಟ್ ಪೂರ್ತಿ ಪ್ರಾಕ್ಟೀಸ್ ಮ್ಯಾಚಿನ ಫೈಲನ್ನೇ ಲಿಂಕ್ ಕಳಿಸುತ್ತಿದ್ದ, ಯಾರೂ ನೋಡುತ್ತಿರಲಿಲ್ಲ. ಕಬಡ್ಡಿಯಲ್ಲಿ ಒಂದು ರೈಡ್ ಅಂದರೆ ಹೆಚ್ಚೆಂದರೆ 30 ಸೆಕೆಂಡ್. ಅದಕ್ಕಿಂತ ಚೆನ್ನಾದ ಕ್ಲಿಪ್ ಅಳತೆ ಬೇಕಾ? ಒಂದೊಂದು ರೈಡನ್ನೂ ಬೇರೆ ಬೇರೆ ಕತ್ತರಿಸಿ, ಸಂಬಂಧಪಟ್ಟವನ ಹೆಸರು ಹಾಕಿ ಬಿಡು ಅಂದೆ.

ಚಳ್ಳಕೆರೆ ಕಡೆಯ ಒಬ್ಬ ಹುಡುಗ ಇದ್ದ, ಲೆಫ್ಟ್ ಕಾರ್ನರ್ ಡಿಫೆಂಡರ್, ಮೊದಲ ಸೀಸನ್. ಮೀಟಿಂಗ್ ಎಲ್ಲ ಹಿಂದಿಯಲ್ಲಿ ನಡೆಯುತ್ತಿತ್ತು, ಇವನು ಗೋಡೆಗೆ ಒರಗಿ ತಲೆ ಆಡಿಸಿ ಎದ್ದುಹೋಗುತ್ತಿದ್ದ. ಇವನಿಗೆ ಆಟದ ತಲೆ ಇಲ್ಲ ಅಂತಲೇ ಎಲ್ಲರ ಅಂದಾಜು. ಒಂದು ರಾತ್ರಿ ಒಂದು ಕ್ಲಿಪ್ಪಿನ ಕೆಳಗೆ ಅವನ ವಾಯ್ಸ್ ಬಂತು, ಕನ್ನಡದಲ್ಲಿ. 'ಅಣ್ಣ, ಹನ್ನೊಂದನೇ ಸೆಕೆಂಡಲ್ಲಿ ನೋಡು. ಬೋನಸ್‌ಗೆ ಹೋಗೋ ಮೊದ್ಲು ಇವ್ನು ಬಲಗಾಲು ಒಂದ್ಸಲ ಹಿಂದಕ್ಕೆ ತೆಗೀತಾನೆ. ನಾವು ಆರು ಜನ ಇದ್ದಾಗ್ಲೆಲ್ಲ ಹಂಗೇ ಮಾಡ್ತಾನೆ, ಐದು ಜನ ಆದ್ರೆ ಮಾಡಲ್ಲ.' ಮ್ಯಾಟ್ ಮೇಲೆ ಆರು ಅಥವಾ ಏಳು ಡಿಫೆಂಡರ್ ಇದ್ದರೆ ಮಾತ್ರ ಬೋನಸ್ ಗೆರೆ ದಾಟಿದ ರೈಡರ್‌ಗೆ ಬೋನಸ್ ಪಾಯಿಂಟ್ ಸಿಗುವುದಲ್ವಾ, ಹಾಗಾಗಿ ಅವನು ಹೇಳಿದ್ದು ಸರಿಯಾಗಿ ಕೂತಿತು. ನಾನು ಹಿಂದಿಗೆ ತಿರುಗಿಸಿ ಕೋಚ್ ಸರ್‌ಗೆ ಕೇಳಿಸಿದೆ. ಅವರು ಹಳೇ ಕ್ಲಿಪ್ ಒಂಬತ್ತು ತೆಗೆಸಿ ನೋಡಿದರು. ಏಳರಲ್ಲಿ ಕಾಲು ಹಿಂದೆ. ಬೆಳಗ್ಗೆ ಬಸ್ಸಿನಲ್ಲಿ ಆ ಹುಡುಗನನ್ನು ತಮ್ಮ ಪಕ್ಕದ ಸೀಟಿಗೆ ಕರೆದರು.

'ಮಾತ್ರೆ' ಚಾನೆಲ್ ಬಗ್ಗೆ ಒಂದು ಮಾತು. ನಿಯಮ ಒಂದೇ, ನುಂಗುವ ಮೊದಲು ಮಾತ್ರೆ ಸ್ಟ್ರಿಪ್ಪಿನ ಹಿಂಬದಿ ಫೋಟೊ ಹಾಕು, ಡಾಕ್ಟರ್ ಹೂಂ ಅನ್ನಲಿ. ಕೆಲವು ನೆಗಡಿ ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್ ಇರುತ್ತೆ. ಪಂದ್ಯದ ಸಮಯದಲ್ಲಿ ಮೂತ್ರದಲ್ಲಿ ಅದು ಮಿಲಿಲೀಟರ್‌ಗೆ 150 ಮೈಕ್ರೊಗ್ರಾಂ ದಾಟಿದರೆ ಡೋಪಿಂಗ್ ಲೆಕ್ಕಕ್ಕೆ ಬರುತ್ತೆ. ಗೊತ್ತಿರಲಿಲ್ಲ ಸಾರ್ ಅಂದರೆ ಬಿಟ್ಟುಬಿಡುವುದಿಲ್ಲ, ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಮೆಡಿಕಲ್ ಶಾಪಿನವನು ಕೊಟ್ಟಿದ್ದನ್ನು ನುಂಗಿ ಮಲಗುವ ನಮ್ಮ ಹುಡುಗರಿಗೆ ಇದನ್ನು ಹೇಳಿ ಹೇಳಿ ಸಾಕಾಗಿತ್ತು. ಫೋಟೊ ಹಾಕು ಅಂದದ್ದು ಮಾತ್ರ ತಲೆಗೆ ಹೋಯಿತು.

ಗಾಯದ ವಿಷಯ ಮಾತ್ರ ಚಾನೆಲ್‌ಗೆ ತರಲಿಲ್ಲ. ಹಿಂದೊಮ್ಮೆ ಒಬ್ಬನ ಮಂಡಿ ಸ್ಕ್ಯಾನ್ ವಾಟ್ಸಾಪ್ ಗ್ರೂಪಿಗೆ ಬಿದ್ದು, ಅದರಲ್ಲಿದ್ದ ಹೊರಗಿನವರೆಲ್ಲ ನೋಡಿ ರಂಪ ಆಗಿತ್ತು. ಈಗ ಫಿಸಿಯೊ ಹಸಿರು, ಹಳದಿ, ಕೆಂಪು ಅಷ್ಟೇ ಹಾಕುತ್ತಾರೆ: ಆಡಬಹುದು, ಅರ್ಧ, ಬೇಡ. ಯಾಕೆ ಅನ್ನುವುದು ಆಟಗಾರ, ಡಾಕ್ಟರ್, ಫಿಸಿಯೊ, ಕೋಚ್ ನಾಲ್ವರ ನಡುವೆ. ದುಡ್ಡಿನ ಮಾತು ಅಂತೂ ಬಾಗಿಲು ಹಾಕಿಕೊಂಡೇ.

ಒಬ್ಬ ಸೀನಿಯರ್ ಕೊನೆವರೆಗೂ ಆ್ಯಪ್ ಹಾಕಿಕೊಳ್ಳಲಿಲ್ಲ. 'ನೀನಿದೀಯಲ್ಲ, ಹೇಳು' ಅಂದ. ರೂಮ್‌ಮೇಟ್ ಹೇಳುತ್ತಿದ್ದ, ನಾನೂ ಬಿಟ್ಟೆ.

ನಾನು ಎಡವಿದ್ದು ಹರಾಜಿನ ನಂತರ. ನಮ್ಮ ಒಬ್ಬ ರೈಡರ್ ಬೇರೆ ತಂಡಕ್ಕೆ ಹೋದ. ಹಾರ ಹಾಕಿ, ಫೋಟೊ ತೆಗೆಸಿ, ತಬ್ಬಿಕೊಂಡು ಕಳಿಸಿದೆವು. ಆ್ಯಪ್‌ನಿಂದ ತೆಗೆಯುವುದು ಮರೆತೆ. ಒಂಬತ್ತು ದಿನ ಆದಮೇಲೆ ನಮ್ಮ ಡಿಫೆನ್ಸ್ ಪ್ಲಾನಿನ ಕ್ಲಿಪ್ಪಿಗೆ ಒಂದು ಥಂಬ್ಸ್ ಅಪ್ ಬಿತ್ತು. ಅವನದ್ದು. ಅಭ್ಯಾಸಬಲ, ಪಾಪ. ಫೋನ್ ಮಾಡಿದರೆ 'ಅಣ್ಣ, ಚೆನ್ನಾಗಿತ್ತು ಅದ್ಕೆ ಒತ್ತಿದೆ' ಅಂದ. ಆ ಪ್ಲಾನ್ ಬದಲಿಸಬೇಕಾಯಿತು. ಈಗ ಹರಾಜು ನಡೆಯುವಾಗ ನಾನು ಟಿವಿ ನೋಡುವುದಿಲ್ಲ, ಮೆಂಬರ್ ಲಿಸ್ಟ್ ತೆರೆದು ಕೂತಿರುತ್ತೇನೆ.