ಕೇಳಿದ್ದು ತಲೆಯಲ್ಲಿ ನಿಲ್ಲಬೇಕಲ್ಲ: ಸಾರಾಂಶದ ಆ್ಯಪ್ ಆರಿಸಿದ ನನ್ನ ಅನುಭವ

ನಾನು ಬ್ಯಾಂಕುಗಳಿಗೆ ಆಸ್ತಿ ಮೌಲ್ಯಮಾಪನ ಮಾಡಿಕೊಡುವ ಸಿವಿಲ್ ಎಂಜಿನಿಯರ್. ಇರುವುದು ದಾವಣಗೆರೆಯಲ್ಲಿ. ಬೆಳಿಗ್ಗೆ ಹರಿಹರದಲ್ಲೊಂದು ಸೈಟು, ಮಧ್ಯಾಹ್ನ ಚನ್ನಗಿರಿಯಲ್ಲೊಂದು ಗೋಡೌನು ಅಂತ ದಿನದ ಅರ್ಧ ರಸ್ತೆಯಲ್ಲೇ ಹೋಗುತ್ತದೆ. ಒಂದು ಪುಸ್ತಕದ ತಿರುಳನ್ನು ಹದಿನೈದು ನಿಮಿಷದಲ್ಲಿ ಹೇಳಿ ಮುಗಿಸುವ ಆ್ಯಪ್‌ಗಳು ನನ್ನಂಥವರಿಗೆ ಹೇಳಿ ಮಾಡಿಸಿದಂತಿವೆ. ಕೇಳುವುದೇನೂ ಕಷ್ಟವಲ್ಲ. ಕೇಳಿದ್ದು ವಾರ ಕಳೆದ ಮೇಲೂ ತಲೆಯಲ್ಲಿರಬೇಕು, ಕೆಲಸಕ್ಕೆ ಬರಬೇಕು. ಕಷ್ಟ ಇರುವುದು ಅಲ್ಲಿ.

ಒಂದಷ್ಟು ಆ್ಯಪ್‌ಗಳನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ ಮೇಲೆ ನಾನು ಈಗ ಕೇಳುವ ಪ್ರಶ್ನೆ ಒಂದೇ. ಸಾರಾಂಶ ಮುಗಿದ ಮೇಲೆ ಈ ಆ್ಯಪ್ ನನ್ನ ಕೈಲಿ ಏನು ಮಾಡಿಸುತ್ತದೆ? ಎಷ್ಟು ಸಾವಿರ ಪುಸ್ತಕ ಇದೆ, ದನಿ ಎಷ್ಟು ಚೆನ್ನಾಗಿದೆ, ಬಣ್ಣ ಹೇಗಿದೆ, ಇವೆಲ್ಲ ಆಮೇಲಿನ ಮಾತು. ವರ್ಷಕ್ಕೆ ಇಪ್ಪತ್ತು ಪುಸ್ತಕದ ಸಾರ ಮುಟ್ಟುವವನಿಗೆ ಐದು ಸಾವಿರ ಶೀರ್ಷಿಕೆ ಕಟ್ಟಿಕೊಂಡು ಏನಾಗಬೇಕು?

ಹೊಸ ಆ್ಯಪ್ ಸಿಕ್ಕಾಗ ನಾನು ಮೊದಲು ಹುಡುಕುವುದು ಹೊಸ ಪುಸ್ತಕವನ್ನಲ್ಲ. ನಾನೇ ಪೂರ್ತಿ ಓದಿ, ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿರುವ ಪುಸ್ತಕವನ್ನು. ನನ್ನ ಪಾಲಿಗೆ ಅದು, ನಾವು ಹೇಗೆ ಯೋಚಿಸುತ್ತೇವೆ ಅನ್ನುವುದರ ಬಗ್ಗೆ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಬರೆದ 'ಥಿಂಕಿಂಗ್, ಫಾಸ್ಟ್ ಆ್ಯಂಡ್ ಸ್ಲೋ'. 2011ರ ಪುಸ್ತಕ, 38 ಅಧ್ಯಾಯ. ಹೆಚ್ಚುಕಡಿಮೆ ಎಲ್ಲ ಆ್ಯಪ್‌ಗಳಲ್ಲೂ ಇದರ ಸಾರಾಂಶ ಇರುತ್ತದೆ. ಹಾಗಾಗಿ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡುವುದು ಸುಲಭ. ಗೊತ್ತಿಲ್ಲದ ಪುಸ್ತಕದ ಸಾರಾಂಶ ಯಾವತ್ತೂ ಚೆನ್ನಾಗೇ ಕಾಣುತ್ತದೆ. ಏನು ಬಿಟ್ಟುಹೋಗಿದೆ ಅಂತ ನಮಗೆ ಗೊತ್ತೇ ಇರುವುದಿಲ್ಲವಲ್ಲ.

ಈ ಪುಸ್ತಕದಲ್ಲಿ ನಾನು ಮೂರು ಜಾಗ ನೋಡುತ್ತೇನೆ.

ಮೊದಲನೆಯದು ಬ್ಯಾಟು-ಚೆಂಡಿನ ಲೆಕ್ಕ. ನಮ್ಮ ದುಡ್ಡಿನಲ್ಲಿ ಹೇಳುವುದಾದರೆ, ಬ್ಯಾಟು ಮತ್ತು ಚೆಂಡು ಎರಡೂ ಸೇರಿ 110 ರೂಪಾಯಿ. ಬ್ಯಾಟಿಗೆ ಚೆಂಡಿಗಿಂತ 100 ರೂಪಾಯಿ ಜಾಸ್ತಿ. ಚೆಂಡಿಗೆಷ್ಟು? ಬಾಯಿಗೆ ಮೊದಲು ಬರುವುದು 10. ಸರಿಯುತ್ತರ 5. ತಪ್ಪುತ್ತರ ನಮ್ಮದೇ ಬಾಯಿಂದ ಬಂದಾಗ ಮಾತ್ರ "ಅವಸರದ ಯೋಚನೆ" ಅಂದರೆ ಏನು ಅಂತ ಮೈಗೆ ಹತ್ತುತ್ತದೆ. ಕೆಲವು ಸಾರಾಂಶಗಳು ಪ್ರಶ್ನೆ, ತಪ್ಪುತ್ತರ, ಸರಿಯುತ್ತರ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡುತ್ತವೆ. ನಾವು ತಲೆದೂಗುತ್ತೇವೆ, ಅಷ್ಟೇ. ಪ್ರಶ್ನೆ ಕೇಳಿ ಒಂದು ಕ್ಷಣ ನಿಲ್ಲುವ ಆ್ಯಪ್ ಸಿಕ್ಕರೆ ಅದನ್ನು ಮಾಡಿದವರಿಗೆ ಕಲಿಕೆ ಅಂದರೇನು ಅಂತ ಗೊತ್ತಿದೆ ಅಂದುಕೊಳ್ಳುತ್ತೇನೆ.

ಎರಡನೆಯದು ಪ್ರೈಮಿಂಗ್ ಬಗ್ಗೆ ಇರುವ ನಾಲ್ಕನೇ ಅಧ್ಯಾಯ. ಮೊದಲು ಕಂಡ ಪದವೋ ಚಿತ್ರವೋ ನಮಗೇ ಗೊತ್ತಾಗದ ಹಾಗೆ ನಮ್ಮ ಮುಂದಿನ ನಡೆಯ ಮೇಲೆ ಪ್ರಭಾವ ಬೀರುವುದಕ್ಕೆ ಪ್ರೈಮಿಂಗ್ ಅನ್ನುತ್ತಾರೆ. ಮುಪ್ಪಿಗೆ ಸಂಬಂಧಿಸಿದ ಪದಗಳನ್ನು ಓದಿದ ವಿದ್ಯಾರ್ಥಿಗಳು ಆಮೇಲೆ ನಿಧಾನವಾಗಿ ನಡೆದರು ಅನ್ನುವಂಥ ಪ್ರಯೋಗಗಳು ಅಲ್ಲಿವೆ. ಕೇಳಲು ಬಲು ರುಚಿ. ಆದರೆ ಈ ಬಗೆಯ ಹಲವು ಪ್ರಯೋಗಗಳನ್ನು ಬೇರೆಯವರು ಮತ್ತೆ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. 2012ರಲ್ಲಿ ಕಾನೆಮನ್ ಅವರೇ ಆ ಕ್ಷೇತ್ರದ ಸಂಶೋಧಕರಿಗೆ ಪತ್ರ ಬರೆದು ಎಚ್ಚರಿಸಿದರು. 2017ರಲ್ಲಿ, ತೀರಾ ಚಿಕ್ಕ ಪ್ರಯೋಗಗಳ ಮೇಲೆ ತಾನು ಅತಿಯಾಗಿ ನಂಬಿಕೆ ಇಟ್ಟಿದ್ದೆ ಅಂತ ಬಹಿರಂಗವಾಗಿ ಹೇಳಿದರು. ಲೇಖಕರೇ ಹಿಂದೆ ಸರಿದ ವಿಷಯವನ್ನು ಆ್ಯಪ್ ಇವತ್ತೂ ಸತ್ಯ ಅಂತಲೇ ಓದಿ ಹೇಳುತ್ತಿದ್ದರೆ? ಅದು ತಲೆಯಲ್ಲಿ ನಿಂತರೂ ತೊಂದರೆಯೇ. ನಿಲ್ಲುವುದು ಸರಿಯಾದದ್ದಾಗಿರಬೇಕು ಅಲ್ವಾ.

ಮೂರನೆಯದು ನನ್ನ ಹೊಟ್ಟೆಪಾಡಿಗೆ ಸೇರಿದ್ದು, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಮೊದಲು ಕಿವಿಗೆ ಬಿದ್ದ ಸಂಖ್ಯೆ ನಮ್ಮ ಅಂದಾಜನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಇದಕ್ಕೆ ಆಂಕರಿಂಗ್ ಅನ್ನುತ್ತಾರೆ. ಅಮೆರಿಕದ ಅರಿಜೋನಾದಲ್ಲಿ ನಡೆಸಿ 1987ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಕಾನೆಮನ್ ವಿವರಿಸುತ್ತಾರೆ. ರಿಯಲ್ ಎಸ್ಟೇಟ್ ಏಜೆಂಟರಿಗೆ ಒಂದು ಮನೆ ತೋರಿಸಿ, ಅದರ ವಿವರಗಳ ಪುಸ್ತಿಕೆ ಕೊಟ್ಟು, ಬೆಲೆ ಕಟ್ಟಲು ಹೇಳಿದರು. ಪುಸ್ತಿಕೆಯಲ್ಲಿ ಮಾಲೀಕರು ಕೇಳುವ ಬೆಲೆಯೂ ಇತ್ತು. ಅರ್ಧ ಜನರ ಪುಸ್ತಿಕೆಯಲ್ಲಿ ಆ ಬೆಲೆ ಜಾಸ್ತಿ, ಉಳಿದರ್ಧ ಜನರದ್ದರಲ್ಲಿ ಕಡಿಮೆ. ಕೇಳುವ ಬೆಲೆಯಲ್ಲಿ 100 ರೂಪಾಯಿ ವ್ಯತ್ಯಾಸವಿದ್ದರೆ ಏಜೆಂಟರ ಅಂದಾಜಿನಲ್ಲಿ 41 ರೂಪಾಯಿಯಷ್ಟು ವ್ಯತ್ಯಾಸ ಬಂತು. ಅನುಭವವೇ ಇಲ್ಲದ ವಿದ್ಯಾರ್ಥಿಗಳಲ್ಲಿ 48. ಅಂಥ ದೊಡ್ಡ ಅಂತರವೇನಲ್ಲ! ಆದರೆ ವಿದ್ಯಾರ್ಥಿಗಳು "ಹೌದು, ಆ ಬೆಲೆ ನೋಡಿ ಪ್ರಭಾವಿತರಾದೆವು" ಅಂತ ಒಪ್ಪಿಕೊಂಡರು. ಏಜೆಂಟರು, ತಾವು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಅಂದರು.

ಮೌಲ್ಯಮಾಪಕನಾಗಿ ನನಗೆ ಈ ಕೊನೆಯ ಸಾಲೇ ಇಡೀ ಅಧ್ಯಾಯದ ಜೀವ. "ಜನ ಮೊದಲ ಸಂಖ್ಯೆಯಿಂದ ಪ್ರಭಾವಿತರಾಗುತ್ತಾರೆ" ಅಂತ ಒಂದು ವಾಕ್ಯ ಹೇಳಿ ಬಿಟ್ಟರೆ ಯಾರ ಮನಸ್ಸಿಗೆ ಅಂಟೀತು? ವಿವರ ಇದ್ದರೆ ತಾನೇ ವಿಚಾರ ನಿಲ್ಲುವುದು. ತೀರಾ ಚಿಕ್ಕ ಸಾರಾಂಶಗಳಲ್ಲಿ ಮೊದಲು ಕತ್ತರಿ ಬೀಳುವುದು ಇಂಥ ವಿವರಕ್ಕೇ.

ಇನ್ನು ನೆನಪಿನ ವಿಷಯ. ಕೇಳಿದ್ದನ್ನೇ ಮತ್ತೆ ಕೇಳಿದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು ಇದನ್ನು ಪರೀಕ್ಷಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಸರದಿ ಓದಿದರು. ಇನ್ನೊಂದು ಗುಂಪಿಗೆ ಓದಲು ಒಂದೇ ಸರದಿ. ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಾದದ್ದನ್ನೆಲ್ಲ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದು. ಅವರಿಗೆ ಶೇ. 83 ನೆನಪಿತ್ತು, ನೆನಪಿಸಿಕೊಂಡು ಬರೆದವರಿಗೆ ಶೇ. 71. ಒಂದು ವಾರದ ನಂತರ ಲೆಕ್ಕ ತಿರುಗಿತು. ಓದಿದವರಿಗೆ ಶೇ. 40, ನೆನಪಿಸಿಕೊಂಡವರಿಗೆ ಶೇ. 61. ತಮಾಷೆ ಅಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಅಂತ ಜಾಸ್ತಿ ಧೈರ್ಯದಲ್ಲಿದ್ದವರು ಓದಿದ ಗುಂಪಿನವರು.

ನಮ್ಮ ಮೇಷ್ಟ್ರು ಮಗ್ಗಿ ಕೇಳುತ್ತಿದ್ದದ್ದೂ ಹೀಗೇ. ಸಾಲಾಗಿ ಹೇಳು ಅಂದರೆ ಎಲ್ಲರೂ ಹಾಡಿದಂತೆ ಹೇಳುತ್ತಿದ್ದೆವು. ನಡುವೆ ನಿಲ್ಲಿಸಿ "ಹದಿಮೂರು ಏಳ್ಲಿ ಎಷ್ಟೋ?" ಅಂದಾಗಲೇ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಅಂತ ಗೊತ್ತಾಗುತ್ತಿದ್ದದ್ದು.

ಜರ್ಮನಿಯ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಅಂತ 1885ರಲ್ಲೇ ಬರೆದಿಟ್ಟರು. ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚಿನದು ಸೋರಿಹೋಗುತ್ತದೆ. ಹಾಗಾಗಿ ಪ್ರಶ್ನೆ ಮರುದಿನ ಬರಬೇಕು, ಆಮೇಲೆ ನಾಲ್ಕಾರು ದಿನಕ್ಕೆ, ಆಮೇಲೆ ತಿಂಗಳಿಗೆ. ಹೀಗೆ ಬಿಡುವು ಹೆಚ್ಚಿಸುತ್ತಾ ಕೇಳುವ ಸೌಲಭ್ಯ ಆ್ಯಪ್‌ನಲ್ಲಿ ಇದೆಯಾ, ಇಲ್ಲವಾ? ಇಲ್ಲದಿದ್ದರೆ ನನ್ನ ಟಿಪ್ಪಣಿಯನ್ನು ಹೊರಗೆ ತೆಗೆದುಕೊಂಡು ಹೋಗಲಾದರೂ ಬಿಡುತ್ತದಾ? ಇವೆರಡೂ ಇಲ್ಲದ ಆ್ಯಪ್‌ಗೆ ನಾನು ದುಡ್ಡು ಕೊಡುವುದಿಲ್ಲ.

ಟಿಪ್ಪಣಿ ಹೊರಗೆ ಹೋಗುತ್ತದಾ ಅಂತ ಪರೀಕ್ಷಿಸಲು ಸುಲಭದ ದಾರಿ ಇದೆ. ಒಂದು ಸಾಲಿಗೆ ಬಣ್ಣ ಹಚ್ಚಿ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಸಾಲು ಅಕ್ಷರವಾಗಿ ಬಂತಾ, ಅಥವಾ "ಈ ಅದ್ಭುತ ಪುಸ್ತಕ ಓದಿ" ಅನ್ನೋ ಲಿಂಕ್ ಮಾತ್ರ ಬಂತಾ? ಲಿಂಕ್ ಮಾತ್ರ ಬಂದರೆ ನಿಮ್ಮ ಟಿಪ್ಪಣಿ ಆ ಕಂಪನಿಯದ್ದೇ ಅಂತ ತಿಳಿದುಕೊಳ್ಳಿ.

ಹೆಸರಿರುವ ಆ್ಯಪ್‌ಗಳ ಸ್ವಭಾವ ಸ್ವಲ್ಪ ಹೇಳಿಬಿಡುತ್ತೇನೆ. ಬ್ಲಿಂಕಿಸ್ಟ್ 2012ರಲ್ಲಿ ಬರ್ಲಿನ್‌ನಲ್ಲಿ ಶುರುವಾದದ್ದು, ಹದಿನೈದು ನಿಮಿಷದ ಲೆಕ್ಕದಲ್ಲಿ ಚುಟುಕಾಗಿ ಹೇಳುತ್ತದೆ. ಯಾವ ಪುಸ್ತಕ ಕೊಳ್ಳಬೇಕು ಅಂತ ತೀರ್ಮಾನಿಸಲು ಈ ಬಗೆಯದು ಸಾಕು. ಶಾರ್ಟ್‌ಫಾರ್ಮ್ ಇದಕ್ಕೆ ಉಲ್ಟಾ. ಉದ್ದನೆಯ ಬರಹ, ನಡುನಡುವೆ ಬೇರೆ ಲೇಖಕರು ಇದರ ಬಗ್ಗೆ ಏನಂತಾರೆ ಅನ್ನುವ ಟಿಪ್ಪಣಿ, ಜೊತೆಗೆ ಅಭ್ಯಾಸದ ಪ್ರಶ್ನೆಗಳು. ರಸ್ತೆಯಲ್ಲಿ ಕೇಳುವುದಕ್ಕಿಂತ ಭಾನುವಾರ ಕೂತು ಓದುವುದಕ್ಕೆ ವಾಸಿ. ಹೆಡ್‌ವೇಯಲ್ಲಿ ಮುಖ್ಯ ವಿಚಾರಗಳನ್ನು ಕಾರ್ಡ್ ಮಾಡಿ ಬಿಡುವು ಕೊಟ್ಟು ಮತ್ತೆ ತೋರಿಸುವ ಏರ್ಪಾಡಿದೆ. ಗೆಟ್‌ಆ್ಯಬ್‌ಸ್ಟ್ರಾಕ್ಟ್ 1999ರ ಸ್ವಿಸ್ ಕಂಪನಿ, ವ್ಯವಹಾರದ ಪುಸ್ತಕಗಳೇ ಜಾಸ್ತಿ. ದೊಡ್ಡ ಸಂಸ್ಥೆಯಲ್ಲಿ ಕೆಲಸ ಮಾಡುವವರು ಒಮ್ಮೆ ಎಚ್‌ಆರ್‌ನವರನ್ನು ಕೇಳಿ ನೋಡಿ. ಎಷ್ಟೋ ಕಡೆ ಇಂಥವುಗಳಿಗೆ ಕಂಪನಿಯೇ ದುಡ್ಡು ಕಟ್ಟಿರುತ್ತದೆ. ಕನ್ನಡದಲ್ಲಿ ಕೇಳಬೇಕು ಅನ್ನುವವರಿಗೆ ಕುಕು ಎಫ್‌ಎಂ ಇದೆ. ಪೂರ್ತಿ ಕನ್ನಡ ಪುಸ್ತಕವನ್ನೇ ಕೇಳಬೇಕಾದರೆ ಮೈಲ್ಯಾಂಗ್. ನನ್ನ ಮಟ್ಟಿಗೆ ಕಾದಂಬರಿಯ ಸಾರಾಂಶಕ್ಕೆ ಅರ್ಥವೇ ಇಲ್ಲ, ಅದನ್ನು ಪೂರ್ತಿಯೇ ಕೇಳಬೇಕು.

ಈಗ ಚಾಟ್‌ಬಾಟ್‌ಗಳನ್ನೇ ಸಾರಾಂಶ ಕೇಳುವವರು ಹೆಚ್ಚಾಗಿದ್ದಾರೆ. ನಾನು ಅದಕ್ಕೆ ಬಳಸುವುದು ಕಡಿಮೆ. ಪುಸ್ತಕದಲ್ಲಿ ಇಲ್ಲದ್ದನ್ನೂ ಅವು ಸಲೀಸಾಗಿ ಸೇರಿಸಿಬಿಡುತ್ತವೆ. ಬದಲಿಗೆ ನನ್ನದೇ ಟಿಪ್ಪಣಿ ಹಾಕಿ "ಇದರಿಂದ ನನಗೆ ಐದು ಪ್ರಶ್ನೆ ಕೇಳು, ಉತ್ತರ ಈಗಲೇ ಹೇಳಬೇಡ" ಅನ್ನುತ್ತೇನೆ. ಆ ಕೆಲಸಕ್ಕೆ ಪರವಾಗಿಲ್ಲ.

ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ನನ್ನ ಕಾರ್ಡ್‌ಗಳೆಲ್ಲ ಇರುವುದು ಆ್ಯಂಕಿಯಲ್ಲಿ. ಡೇಮಿಯನ್ ಎಲ್ಮ್ಸ್ ಎನ್ನುವವರು 2006ರಲ್ಲಿ ಬಿಡುಗಡೆ ಮಾಡಿದ ತಂತ್ರಾಂಶ. ಕಂಪ್ಯೂಟರಿನಲ್ಲಿ, ಆ್ಯಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್‌ಗೆ ದುಡ್ಡು. ನೋಡಲು ಏನೂ ಚೆಂದವಿಲ್ಲ. ಆದರೆ ಕನ್ನಡ ಅಕ್ಷರ ಚೆನ್ನಾಗಿ ಮೂಡುತ್ತದೆ, ಯಾವ ಕಾರ್ಡ್ ಯಾವತ್ತು ಕೇಳಬೇಕು ಅನ್ನೋದನ್ನು ಅದೇ ನೋಡಿಕೊಳ್ಳುತ್ತದೆ.

ಒಂದು ಸಾರಾಂಶಕ್ಕೆ ನಾನು ಎರಡು ಅಥವಾ ಮೂರು ಕಾರ್ಡ್ ಮಾಡುತ್ತೇನೆ. ಅದಕ್ಕಿಂತ ಜಾಸ್ತಿ ಮಾಡಿದರೆ ಹೊರೆಯಾಗಿ, ಕೊನೆಗೆ ಯಾವುದನ್ನೂ ನೋಡುವುದಿಲ್ಲ. ಆ್ಯಪ್ ತಾನೇ ಮಾಡಿಕೊಡುವ ಕಾರ್ಡ್‌ಗಳು ಸಾಮಾನ್ಯವಾಗಿ "ಆಂಕರಿಂಗ್ ಎಂದರೇನು?" ಅನ್ನುವ ಥರದವು. ಉತ್ತರ ಹೇಳಿದೆ ಅಂತಿಟ್ಟುಕೊಳ್ಳಿ, ಆಮೇಲೇನು? ನನ್ನ ಕಾರ್ಡ್ ಹೀಗಿದೆ. ಮುಂಭಾಗದಲ್ಲಿ: "ಮಾಲೀಕರು ಬೆಲೆ ಹೇಳುವ ಮೊದಲು ನನ್ನ ನೋಟ್‌ಬುಕ್ಕಿನಲ್ಲಿ ಏನು ಬರೆದಿರಬೇಕು?" ಹಿಂಭಾಗದಲ್ಲಿ: "ಅಕ್ಕಪಕ್ಕದ ಇತ್ತೀಚಿನ ನೋಂದಣಿಗಳು, ಮಾರ್ಗಸೂಚಿ ಬೆಲೆ, ಇವೆರಡರ ಮೇಲೆ ನನ್ನ ಅಂದಾಜು. ಪೆನ್ನಿನಲ್ಲಿ, ಪೆನ್ಸಿಲ್‌ನಲ್ಲಲ್ಲ."

ಈ ಕಾರ್ಡ್ ಬೆಳಿಗ್ಗೆ ಟೀ ಕುಡಿಯುವಾಗ ಬಂದರೆ ಅವತ್ತಿನ ಸೈಟಿನಲ್ಲಿ ಅದು ಕೆಲಸಕ್ಕೆ ಬರುತ್ತದೆ. ಗಾಡಿ ಇಳಿಯುತ್ತಿದ್ದ ಹಾಗೇ "ಸಾರ್, ಪಕ್ಕದ್ದು ಚದರಡಿಗೆ ಮೂರೂವರೆ ಸಾವಿರಕ್ಕೆ ಹೋಗಿದೆ" ಅಂತ ಶುರು ಮಾಡುವವರೇ ಜಾಸ್ತಿ. ಅಷ್ಟು ಹೊತ್ತಿಗೆ ನನ್ನ ಸಂಖ್ಯೆ ಬರೆದಾಗಿರುತ್ತದೆ. ಅವರು ಹೇಳಿದ ಮೇಲೆ ನನ್ನದನ್ನು ಬದಲಿಸಬೇಕು ಅನ್ನಿಸಿದರೆ, ಯಾಕೆ ಅಂತ ಒಂದು ಸಾಲು ಕಾರಣ ಬರೆಯಬೇಕು. ನಾನೇ ಹಾಕಿಕೊಂಡ ನಿಯಮ ಇದು. ಕಾರಣ ಹೊಳೆಯದಿದ್ದರೆ ಸಂಖ್ಯೆ ಬದಲಾಗುವುದಿಲ್ಲ. ಪುಸ್ತಕದ ಒಂದು ವಿಚಾರ ನನ್ನ ಕೆಲಸದೊಳಗೆ ಬಂದು ಕೂತದ್ದು ಹೀಗೆ. ಎಲ್ಲ ಕಾರ್ಡ್‌ಗಳಿಗೂ ಈ ಭಾಗ್ಯ ಇಲ್ಲ. ಸಮಯ ನಿರ್ವಹಣೆಯ ಬಗ್ಗೆ ಮಾಡಿದವನ್ನು ಬಹುತೇಕ ಅಳಿಸಿದ್ದೇನೆ. ಆ ಪುಸ್ತಕಗಳೆಲ್ಲ ಬಾಸ್ ಇರುವ, ಮೀಟಿಂಗ್ ಇರುವ ಜನರಿಗಾಗಿ ಬರೆದವು.

ಗಾಡಿ ಓಡಿಸುತ್ತಾ ಕೇಳುವಾಗ ಬಣ್ಣ ಹಚ್ಚಲು ಆಗುವುದಿಲ್ಲ, ಹಚ್ಚಲೂಬಾರದು. ಮುಗಿದ ಕೂಡಲೇ ಮುಂದಿನ ಸಾರಾಂಶವನ್ನು ತಾನಾಗೇ ಶುರು ಮಾಡುವ ಸೆಟ್ಟಿಂಗ್ ಇರುತ್ತದೆ ನೋಡಿ, ಅದನ್ನು ಮೊದಲು ಆಫ್ ಮಾಡಿ. ನೆನಪಿಗೆ ಬೇಕಾದದ್ದು ಆ ಖಾಲಿ ಸಮಯವೇ. ನಾನು ಜೊತೆಯಲ್ಲಿ ಬರುವ ನಮ್ಮ ಸಹಾಯಕ ಹುಡುಗನಿಗೆ ಕೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅವನು "ಅಂದ್ರೆ ಏನ್ ಸಾರ್?" ಅಂದ ಕಡೆಯಲ್ಲೆಲ್ಲ ನನಗೂ ಪೂರ್ತಿ ಗೊತ್ತಾಗಿಲ್ಲ ಅಂತ ಅರ್ಥ. ಕಾರ್ಡ್ ಮಾಡಬೇಕಾದದ್ದು ಅಲ್ಲೇ.

ದಿನಾ ಬಂದರೆ ಬೆಂಕಿಯ ಚಿತ್ರ, ಪದಕ, "ನೀವು ಈ ತಿಂಗಳು ಇಷ್ಟು ಪುಸ್ತಕ ಮುಗಿಸಿದಿರಿ" ಅನ್ನುವ ಶಹಬ್ಬಾಸ್‌ಗಿರಿ, ಇವೆಲ್ಲ ಇದ್ದರೆ ಸುಮ್ನೆ ಬಂದ್ ಮಾಡುತ್ತೇನೆ. ಸಂಖ್ಯೆ ಏರಿಸಲು ಹೋಗಿ ಒಂದರ ಮೇಲೊಂದು ಕೇಳುವುದೇ ಆಗುತ್ತದೆ.

ದುಡ್ಡಿನ ವಿಷಯ. ಉಚಿತ ಅವಧಿ ಕೊಟ್ಟಿದ್ದರೆ ಅದನ್ನು ಹೀಗೆ ಬಳಸಿ. ಮೊದಲ ದಿನ ಒಂದೇ ಸಾರಾಂಶ ಕೇಳಿ, ಆ್ಯಪ್ ಹೇಳಿದಂತೆ ಕಾರ್ಡ್, ಪ್ರಶ್ನೆ ಏನಿದೆಯೋ ಮಾಡಿ. ಕೊನೆಯ ದಿನ ಆ್ಯಪ್ ತೆರೆಯುವ ಮೊದಲು ಬಿಳಿ ಹಾಳೆಯ ಮೇಲೆ ನೆನಪಿರುವುದನ್ನು ಬರೆಯಿರಿ. ಹಾಳೆಯಲ್ಲಿ ಎಷ್ಟು ತುಂಬಿತು ಅನ್ನೋದನ್ನು ನೋಡಿ ಕಟ್ಟಬೇಕೋ ಬೇಡವೋ ತೀರ್ಮಾನಿಸಿ. ಫೋನಿನಿಂದ ಆ್ಯಪ್ ತೆಗೆದುಹಾಕಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನ ಚಂದಾ ಪುಟಕ್ಕೆ ಹೋಗಿ ರದ್ದು ಮಾಡಬೇಕು. ಬ್ಯಾಂಕ್ ಕಾರ್ಡಿನಿಂದ ತಾನಾಗೇ ದುಡ್ಡು ಕಡಿತವಾಗುವ ಮುನ್ನ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ಸಂದೇಶ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದನ್ನು ಸ್ಪ್ಯಾಮ್ ಅಂತ ತಳ್ಳಬೇಡಿ.

ನಾನು ವರ್ಷದ ಚಂದಾ ಕಟ್ಟುವುದಿಲ್ಲ. ತಿಂಗಳ ಲೆಕ್ಕದಲ್ಲಿ ದುಬಾರಿಯೇ, ಆದರೆ ಮಳೆಗಾಲದಲ್ಲಿ ಸೈಟು ಕಡಿಮೆ ಇದ್ದಾಗ ಎರಡು ಮೂರು ತಿಂಗಳು ಕಟ್ಟಿ, ಬೇಕಾದ್ದನ್ನು ಕೇಳಿ, ಕಾರ್ಡ್ ಮಾಡಿಕೊಂಡು ನಿಲ್ಲಿಸಿಬಿಡುತ್ತೇನೆ. ಕಾರ್ಡ್‌ಗಳು ನನ್ನ ಹತ್ತಿರವೇ ಇರುತ್ತವೆ, ಮಾರ್ಚ್ ತಿಂಗಳ ಗಡಿಬಿಡಿಯಲ್ಲೂ ದಿನಕ್ಕೆ ಐದು ನಿಮಿಷ ಅವುಗಳಿಗೆ ಸಿಗುತ್ತದೆ.