ಮುಂಬೈ ಹಾಫ್ ಮ್ಯಾರಥಾನ್: ಗೆಳೆಯರೆಲ್ಲ ಸೇರಿ, ಸೇವಾ ಸಂಸ್ಥೆಯೊಂದಕ್ಕೆ ಹಣ ಕೂಡಿಸಿ ಓಡುವುದು ಹೇಗೆ

ಜನವರಿಯ ಮೂರನೇ ಭಾನುವಾರ ನಡೆಯುವ ಮುಂಬೈ ಮ್ಯಾರಥಾನ್ ಶುರುವಾದದ್ದು 2004ರಲ್ಲಿ. ಅದರ ಹಾಫ್ ಮ್ಯಾರಥಾನ್, ಅಂದರೆ 21.0975 ಕಿ.ಮೀ. ಓಟ, ಇತ್ತೀಚಿನ ವರ್ಷಗಳಲ್ಲಿ ಮಾಹಿಮ್ ಕಡೆಯಿಂದ ಹೊರಟು ಬಾಂದ್ರಾ-ವರ್ಲಿ ಸೀ ಲಿಂಕ್ ಎಂಬ ಕಡಲ ಸೇತುವೆ ದಾಟಿ ದಕ್ಷಿಣ ಮುಂಬೈಯ ಸಿಎಸ್‌ಎಂಟಿ ರೈಲು ನಿಲ್ದಾಣದ ಬಳಿ ಮುಗಿಯುತ್ತದೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಿಂದ ನಾಲ್ಕೈದು ಮಂದಿ ಜೊತೆಗೂಡಿ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಿದು.

ಒಂದು ಮಾತು ಮೊದಲೇ ಇತ್ಯರ್ಥವಾಗಬೇಕು. ಗುಂಪಿನ ವೇಗ ಎಂದರೆ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡುವವರ ವೇಗ. "ಮೊದಲ ಹತ್ತು ಕಿಲೋಮೀಟರ್ ಒಟ್ಟಿಗೆ ಓಡೋಣ, ಆಮೇಲೆ ನೋಡೋಣ" ಎಂದು ಹೊರಟ ಗುಂಪು ಸಾಮಾನ್ಯವಾಗಿ ಮೂರನೇ ಕಿಲೋಮೀಟರಿಗೇ ಚದುರುತ್ತದೆ. ಹಿಂದೆ ಉಳಿದವರು ಮುಂದಿನವರನ್ನು ಹಿಡಿಯಲು ಏದುಸಿರು ಬಿಟ್ಟು ಓಡಿ, ಕೊನೆಯ ಐದು ಕಿ.ಮೀ. ಕಾಲೆಳೆಯುತ್ತಾರೆ. ತಮ್ಮದೇ ಒಳ್ಳೆಯ ಟೈಮಿಂಗ್ ಬೇಕೆನ್ನುವವರು ಬೇರೆಯಾಗಿ ಓಡಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಹೆಸರು ನೋಂದಾಯಿಸುವಾಗಲೇ ಹೇಳಬೇಕು, ಓಟದ ದಿನ ಅಲ್ಲ.

ನೋಂದಣಿ ಮಳೆಗಾಲದಲ್ಲೇ ತೆರೆಯುತ್ತದೆ, ಹಾಫ್‌ನ ಜಾಗಗಳು ಬೇಗ ತುಂಬುತ್ತವೆ. ಎಲ್ಲರೂ ಒಂದೇ ದಿನ ಕೂತು ಅರ್ಜಿ ತುಂಬಿಬಿಡಿ. ಹಿಂದಿನ ಓಟಗಳ ಸಮಯ ನೋಡಿ ಹೊರಡುವ ಸಾಲಿನ ವಿಭಾಗ ಕೊಡುತ್ತಾರೆ. ಹಿಂದಿನ ವಿಭಾಗದವರನ್ನು ಮುಂದಕ್ಕೆ ಬಿಡುವುದಿಲ್ಲ, ಮುಂದಿನವರು ಹಿಂದಕ್ಕೆ ಬರಬಹುದು. ಹಾಗಾಗಿ ಗುಂಪಿನಲ್ಲಿ ಕೊನೆಯ ವಿಭಾಗ ಯಾರಿಗೆ ಸಿಕ್ಕಿದೆಯೋ ಎಲ್ಲರೂ ಅಲ್ಲೇ ನಿಲ್ಲಬೇಕು. ಇದರಿಂದ ಸಮಯವೇನೂ ನಷ್ಟವಾಗದು. ಬಿಬ್‌ನ, ಅಂದರೆ ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿಯ, ಹಿಂಬದಿಯ ಚಿಪ್ ನೀವು ಆರಂಭದ ಪಟ್ಟಿ ತುಳಿದ ಕ್ಷಣದಿಂದ ಲೆಕ್ಕ ಹಿಡಿಯುತ್ತದೆ.

ಹಣ ಕೂಡಿಸುವುದು

ಈ ಓಟದ ದಾನಸಂಗ್ರಹದ ಕೆಲಸ ಯುನೈಟೆಡ್ ವೇ ಮುಂಬೈ ಸಂಸ್ಥೆಯ ಮೂಲಕ ನಡೆಯುತ್ತದೆ. ಅಲ್ಲಿ ನೋಂದಾಯಿಸಿಕೊಂಡ ಸೇವಾ ಸಂಸ್ಥೆಗಳಲ್ಲಿ ಒಂದನ್ನು ಆರಿಸಿ ಅದರ ಹೆಸರಿನಲ್ಲಿ ಹಣ ಕೂಡಿಸಬಹುದು. ಸಾಮಾನ್ಯ ಜಾಗ ಸಿಗದಿದ್ದರೆ, ನಿಗದಿತ ದೇಣಿಗೆ ಕೊಟ್ಟು ಚಾರಿಟಿ ಬಿಬ್ ಪಡೆಯುವ ದಾರಿಯೂ ಇದೆ.

ಐವರು ಐದು ಸಂಸ್ಥೆಗಳಿಗೆ ಕೇಳಿದರೆ ಒಂದೇ ನೆಂಟರಿಷ್ಟರ ಬಳಗಕ್ಕೆ ಐದು ಬೇರೆ ಬೇರೆ ಕೋರಿಕೆ ಹೋಗುತ್ತದೆ, ಯಾವುದಕ್ಕೂ ಸರಿಯಾಗಿ ಕೂಡುವುದಿಲ್ಲ. ಎಲ್ಲರೂ ಒಂದೇ ಸಂಸ್ಥೆ ಆರಿಸಿ. ಮೊದಲು ಅವರ ಕಚೇರಿಗೆ ಫೋನ್ ಮಾಡಿ, ಒಂದು ಮಗುವಿನ ಒಂದು ತಿಂಗಳ ಓದಿಗೆ ಅಥವಾ ಒಬ್ಬ ರೋಗಿಯ ಒಂದು ಬಾರಿಯ ಚಿಕಿತ್ಸೆಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಆ ಒಂದು ಅಂಕಿ ನಿಮ್ಮ ಸಂದೇಶದಲ್ಲಿದ್ದರೆ ಉದ್ದುದ್ದ ಬರೆಯಬೇಕಾಗಿಲ್ಲ.

"ನಿಮ್ಮ ಕೈಲಾದಷ್ಟು ಕೊಡಿ" ಎಂದರೆ ಜನ ನಾಳೆ ನೋಡೋಣ ಎನ್ನುತ್ತಾರೆ. "ಕಿಲೋಮೀಟರಿಗೆ 50 ರೂಪಾಯಿಯಂತೆ 1,055 ರೂ." ಎಂದು ಲೆಕ್ಕ ಕೊಟ್ಟು ನೋಡಿ, ಕೇಳುವವರಿಗೂ ಕೊಡುವವರಿಗೂ ಸಲೀಸು. ದೊಡ್ಡ ಗುಂಪಿಗೆ ಒಂದೇ ಸಂದೇಶ ಹಾಕಿ ಸುಮ್ಮನಾಗಬೇಡಿ. ಅತ್ತೆ, ಚಿಕ್ಕಪ್ಪ, ಹಳೆಯ ಮೇಷ್ಟ್ರು, ಆಫೀಸಿನವರು ಹೀಗೆ ಒಬ್ಬೊಬ್ಬರಿಗೂ ಅವರವರ ಹೆಸರು ಹಿಡಿದು ಕನ್ನಡದಲ್ಲೇ ಬರೆಯಿರಿ. ಎಂಟು ವಾರ ಮುಂಚೆ ಒಂದು ಸಲ, 15 ಕಿ.ಮೀ. ಅಭ್ಯಾಸದ ಓಟ ಮುಗಿದ ದಿನ ಒಂದು ಸಲ, ಕೊನೆಯ ವಾರ ಒಂದು ಸಲ. ಮೂರಕ್ಕಿಂತ ಹೆಚ್ಚು ಸಲ ಕೇಳುವುದು ಬೇಡ.

ಹಣವನ್ನು ನಿಮ್ಮ ಸ್ವಂತ ಯುಪಿಐಗೆ ಹಾಕಿಸಿಕೊಳ್ಳಲೇಬೇಡಿ. ಹಾಗೆ ಮಾಡಿದರೆ ರಸೀದಿ ನಿಮ್ಮ ಹೆಸರಿಗೆ ಬರುತ್ತದೆ, ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಲೆಕ್ಕದ ತಲೆನೋವು ನಿಮಗೆ ಅಂಟಿಕೊಳ್ಳುತ್ತದೆ. ದಾನಿಗಳು ನೇರವಾಗಿ ಸಂಸ್ಥೆಯ ಪುಟದಲ್ಲೇ ಪಾವತಿಸಲಿ, ಪ್ಯಾನ್ ಸಂಖ್ಯೆಯನ್ನೂ ತುಂಬಲಿ. 80ಜಿ ಎಂದು ಜನ ಕರೆಯುವ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಅದೂ ಇಲ್ಲ. ವಿದೇಶದ ಬಂಧುಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಎನಿಸದು. ಬೇರೆ ದೇಶದ ಪೌರತ್ವ ಪಡೆದವರು, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಕೊಡಬೇಕಾದರೆ ಆ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಪಡೆಯುವ ಸರ್ಕಾರಿ ಅನುಮತಿ ಇರಲೇಬೇಕು.

ಹದಿನಾರು ವಾರದ ಅಭ್ಯಾಸ

ನಿಲ್ಲದೆ 5 ಕಿ.ಮೀ. ಓಡಬಲ್ಲವರಿಗೆ ಸೆಪ್ಟೆಂಬರ್ ಕೊನೆಯಿಂದ ಶುರು ಮಾಡಿದರೆ ಸಾಕು. ವಾರಕ್ಕೆ ನಾಲ್ಕು ಓಟ: ಎರಡು ದಿನ 5-6 ಕಿ.ಮೀ. ಆರಾಮಾಗಿ, ಒಂದು ದಿನ ಏರು ದಾರಿಯಲ್ಲಿ, ಭಾನುವಾರ ಎಲ್ಲರೂ ಸೇರಿ ಉದ್ದದ ಓಟ. ಭಾನುವಾರದ ಓಟ 7 ಕಿ.ಮೀ.ಯಿಂದ ಶುರುವಾಗಿ ವಾರಕ್ಕೆ ಒಂದೊಂದು, ಒಂದೂವರೆ ಕಿ.ಮೀ. ಏರಲಿ. ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ. ಓಟಕ್ಕೆ ಮೂರು ವಾರ ಮುಂಚೆ 18 ಕಿ.ಮೀ., ಆಮೇಲೆ 12, ಆಮೇಲೆ 8. ಪೂರ್ತಿ 21 ಮೊದಲೇ ಓಡಿ ನೋಡಬೇಕೆಂಬ ಹಟ ಬೇಡ.

ಮೊಣಕಾಲ ಕೆಳಗಿನ ಮೂಳೆಯ ನೋವು ಬರುವುದು ಹೆಚ್ಚಾಗಿ ವಾರದ ಒಟ್ಟು ಓಟದ ದೂರವನ್ನು ಒಮ್ಮೆಗೇ ಏರಿಸಿದವರಿಗೆ. ಒಂದು ವಾರ ತಪ್ಪಿಸಿಕೊಂಡು ಮುಂದಿನ ವಾರ ಎರಡರಷ್ಟು ಓಡುವುದು ಅದಕ್ಕೆ ನೇರ ದಾರಿ. ತಪ್ಪಿದ್ದು ತಪ್ಪಿತು ಎಂದು ಬಿಟ್ಟುಬಿಡಿ. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ ಇರುವವರು ಮೊದಲ ವಾರವೇ ವೈದ್ಯರನ್ನು ಕಾಣಬೇಕು.

ಗುಂಪಿನ ವೇಗ ಗೊತ್ತುಮಾಡಲು ನಿಧಾನದವರ ಮಾತಿನ ವೇಗ ನೋಡಿ. ಓಡುತ್ತಾ ಒಂದು ಪೂರ್ತಿ ವಾಕ್ಯ ತಡವರಿಸದೆ ಹೇಳಲು ಆಗಬೇಕು. ಎರಡೂವರೆ ಗಂಟೆಯಲ್ಲಿ ಮುಗಿಸಬೇಕಾದರೆ ಕಿಲೋಮೀಟರಿಗೆ 7 ನಿಮಿಷ 6 ಸೆಕೆಂಡು, ಮೂರು ಗಂಟೆಗೆ 8 ನಿಮಿಷ 32 ಸೆಕೆಂಡು. ಹೊಸಬರಿರುವ ಗುಂಪಿಗೆ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂಬ ಕ್ರಮ ಬಹಳ ಒಳ್ಳೆಯದು. ಏಳು ನಿಮಿಷದ ವೇಗದಲ್ಲಿ ಓಡಿ, ಹತ್ತು ನಿಮಿಷದ ವೇಗದಲ್ಲಿ ಬಿರುಸಾಗಿ ನಡೆದರೆ ಸರಾಸರಿ 7 ನಿಮಿಷ 27 ಸೆಕೆಂಡು ಬರುತ್ತದೆ, ಒಟ್ಟು ಸುಮಾರು 2 ಗಂಟೆ 37 ನಿಮಿಷ. ನಡಿಗೆಯನ್ನು ಸುಸ್ತಾದ ಮೇಲಲ್ಲ, ಮೊದಲ ನಾಲ್ಕು ನಿಮಿಷ ಮುಗಿದ ಕೂಡಲೇ ಶುರು ಮಾಡಬೇಕು. ಗುಟ್ಟು ಇರುವುದೇ ಅಲ್ಲಿ.

ಬೆಂಗಳೂರಿನವರಿಗೆ ಭಾನುವಾರ ವಾಹನ ಬಿಡದ ಕಬ್ಬನ್ ಪಾರ್ಕ್ ಇದೆ. ಆದರೆ ಬೆಂಗಳೂರಿನ ತಂಪು ಒಣಹವೆಗೆ ಒಗ್ಗಿದ ಮೈ ಮುಂಬೈಯ ಕಡಲಗಾಳಿಯಲ್ಲಿ ಬೇರೆಯೇ ರೀತಿ ಬೆವರುತ್ತದೆ. ಅಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಅದೇ ವೇಗಕ್ಕೆ ಎದೆಬಡಿತ ಹೆಚ್ಚು. ಊರಿನ ವೇಗಕ್ಕಿಂತ ಕಿಲೋಮೀಟರಿಗೆ 10-15 ಸೆಕೆಂಡು ನಿಧಾನ ಎಂದೇ ಲೆಕ್ಕ ಹಾಕಿಕೊಳ್ಳಿ. ಮಂಗಳೂರು, ಕಾರವಾರದವರಿಗೆ ಈ ತೊಂದರೆ ಕಡಿಮೆ.

ಬಟ್ಟೆ, ಶೂ, ಬಿಬ್

ಓಟದ ದಿನಕ್ಕೆ ಶೂ 80-100 ಕಿ.ಮೀ. ಓಡಿದ್ದಾಗಿರಲಿ. ಹೊಸದೂ ಬೇಡ, ಅಡಿ ಸವೆದದ್ದೂ ಬೇಡ. ಸಂಸ್ಥೆಯವರು ಪ್ರೀತಿಯಿಂದ ಕೊಡುವ ಟೀ ಶರ್ಟ್ ಹಲವು ಸಲ ಹತ್ತಿಯದು. ಹತ್ತನೇ ಕಿಲೋಮೀಟರಿಗೆ ಅದು ನೆಂದು ಭಾರವಾಗಿ ಎದೆಗೆ ಅಂಟುತ್ತದೆ, ಗಂಡಸರಿಗೆ ಮೊಲೆತೊಟ್ಟು ಉಜ್ಜಿ ರಕ್ತ ಬರುವುದು ಹೀಗೆ. ಬೆವರು ಹೀರದ ನಿಮ್ಮದೇ ಬನಿಯನ್ ಮೇಲೆ ಸಂಸ್ಥೆಯ ಹೆಸರು ಅಚ್ಚು ಹಾಕಿಸುವುದು ಮೇಲು. ತೊಡೆಸಂದು, ಕಂಕುಳು, ಎದೆ, ಕಾಲ್ಬೆರಳ ನಡುವೆ ವ್ಯಾಸಲೀನ್ ಧಾರಾಳವಾಗಿ ಹಚ್ಚಿ.

ಬಿಬ್ ಅನ್ನು ಎದೆಯ ಮೇಲೆ ನಾಲ್ಕು ಪಿನ್ನು ಹಾಕಿ ಹಿಂದಿನ ರಾತ್ರಿಯೇ ಚುಚ್ಚಿಡಿ. ಬಟ್ಟೆ ತೊಟ್ಟು ಚುಚ್ಚಿದರೆ ಬಿಗಿ ಸರಿಯಾಗಿ ಗೊತ್ತಾಗುತ್ತದೆ. ಮೇಜಿನ ಮೇಲೆ ಹರಡಿ ಚುಚ್ಚಿದ್ದು ಉಸಿರೆಳೆದಾಗ ಜಗ್ಗುತ್ತದೆ. ಚಿಪ್ ಇರುವ ಭಾಗವನ್ನು ಮಡಿಸಬೇಡಿ, ಸೊಂಟದ ಪಟ್ಟಿಯನ್ನು ಅದರ ಮೇಲೆ ಕಟ್ಟಬೇಡಿ. ಬಿಬ್‌ನ ಹಿಂಬದಿ ರಕ್ತದ ಗುಂಪು, ಮನೆಯವರ ಫೋನ್ ಸಂಖ್ಯೆ ಬರೆದಿರಲಿ.

ಮುಂಬೈಗೆ ಹೋದ ಮೇಲೆ

ಬಿಬ್ ಕೊಡುವುದು ಓಟದ ಹಿಂದಿನ ದಿನಗಳಲ್ಲಿ ಓಟಗಾರರಿಗಾಗಿ ನಡೆಯುವ ಎಕ್ಸ್‌ಪೋ ಎಂಬ ಮೇಳದಲ್ಲಿ, ಓಟದ ಬೆಳಿಗ್ಗೆ ಅಲ್ಲ. ಶುಕ್ರವಾರ ಅಲ್ಲಿಗೆ ಹೋಗಿಬರುವಂತೆ ಪ್ರಯಾಣ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬುಧವಾರ ರಾತ್ರಿ ಹತ್ತಿದರೆ ಗುರುವಾರ ರಾತ್ರಿ ದಾದರ್. ಮಂಗಳೂರಿನವರಿಗೆ ಮತ್ಸ್ಯಗಂಧ ಬೆಳಿಗ್ಗೆಯೇ ಕುರ್ಲಾ ಟರ್ಮಿನಸ್ ಮುಟ್ಟಿಸುತ್ತದೆ. ಉಳಿಯಲು ಮುಕ್ತಾಯದ ಹತ್ತಿರಕ್ಕಿಂತ ಆರಂಭದ ಹತ್ತಿರ ಒಳ್ಳೆಯದು, ಬೆಳಗಿನ ಜಾವ ರಸ್ತೆಗಳನ್ನು ಮುಚ್ಚಿರುತ್ತಾರೆ. ದಾದರ್, ಮಾಟುಂಗಾ, ಮಾಹಿಮ್ ಸುತ್ತ ರೂಮು ನೋಡಿ.

ಮಾಟುಂಗಾ ಎಂದ ಮೇಲೆ ಊಟದ ಮಾತು. ಅಲ್ಲಿನ ಉಡುಪಿ ಹೋಟೆಲುಗಳು ನಮ್ಮವರೇ ಕಟ್ಟಿದ್ದು. ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನ ಎಲೆ ಊಟ ಶುಕ್ರವಾರ ಮಧ್ಯಾಹ್ನಕ್ಕಿರಲಿ. ಶನಿವಾರ ರಾತ್ರಿ ಏಳೂವರೆಯೊಳಗೆ ಇಡ್ಲಿ ಅಥವಾ ಮೊಸರನ್ನ, ಮಿತವಾಗಿ. ಕರಿದದ್ದು, ಖಾರ, ಕಾಳಿನ ಪಲ್ಯ ಬೇಡ.

ಬೆಳಿಗ್ಗೆ ಐದರ ಸುಮಾರಿಗೆ ಹೊರಡುವ ಓಟಕ್ಕೆ ಮೂರಕ್ಕೆ ಏಳಬೇಕು. ಎದ್ದ ಕೂಡಲೇ ಒಂದು ಬಾಳೆಹಣ್ಣು, ಎರಡು ಬ್ರೆಡ್ಡು ಜಾಮು, ನಿಧಾನವಾಗಿ 400 ಮಿ.ಲೀ. ನೀರು. ಇದೇ ತಿಂಡಿಯನ್ನು ಊರಿನ ಉದ್ದದ ಓಟಗಳಲ್ಲಿ ತಿಂದು ಹೊಟ್ಟೆಗೆ ರೂಢಿ ಮಾಡಿಸಿರಬೇಕು. ನೋವು ಬರದಿರಲಿ ಎಂದು ಮುಂಚಿತವಾಗಿ ಐಬುಪ್ರೊಫೆನ್ ನುಂಗುವವರಿದ್ದಾರೆ. ಬೆವರಿ ಒಣಗಿದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಹೊಡೆತ ಕೊಡಬಲ್ಲದು, ಖಂಡಿತ ಬೇಡ.

ದಾರಿ

ಹೊರಡುವಾಗ ಇನ್ನೂ ಕತ್ತಲು, ಸೂರ್ಯ ಹುಟ್ಟುವುದು ಏಳೂಕಾಲಿಗೆ. ಮೊದಲ ಎರಡು ಕಿ.ಮೀ. ಜನಜಂಗುಳಿ. ಸಂದು ಸಿಕ್ಕಲ್ಲೆಲ್ಲ ನುಗ್ಗಿ ಓವರ್‌ಟೇಕ್ ಮಾಡುವುದರಿಂದ ದೂರವೂ ಹೆಚ್ಚು, ದಣಿವೂ ಹೆಚ್ಚು. ಇಬ್ಬಿಬ್ಬರಂತೆ ಸಾಲಾಗಿ ಓಡಿ. ಐವರು ಅಡ್ಡಕ್ಕೆ ಹರಡಿಕೊಂಡರೆ ಹಿಂದಿನವರಿಗೆ ಗೋಡೆ ಕಟ್ಟಿದಂತೆ. ಮುಂದಿರುವ ಇಬ್ಬರಲ್ಲಿ ಒಬ್ಬರು ಗುಂಪಿನ ಅತಿ ನಿಧಾನದ ಓಟಗಾರರೇ ಆಗಿರಲಿ, ಆಗ ವೇಗ ತಾನಾಗಿ ಹತೋಟಿಯಲ್ಲಿರುತ್ತದೆ.

ಸೀ ಲಿಂಕ್ 5.6 ಕಿ.ಮೀ. ಉದ್ದ. ಬೇರೆ ದಿನ ಅಲ್ಲಿ ಕಾಲ್ನಡಿಗೆಗೂ ಬೈಕಿಗೂ ಬಿಡುವುದಿಲ್ಲ, ಅದಕ್ಕೇ ಎಲ್ಲರಿಗೂ ಫೋಟೋ ಬೇಕು. ಓಡುತ್ತಿದ್ದವರು ಗಕ್ಕನೆ ನಿಂತು ಫೋನ್ ಎತ್ತುವುದು, ಹಿಂದಿನವರು ಬಂದು ಡಿಕ್ಕಿ ಹೊಡೆಯುವುದು ಇಲ್ಲೇ. ಫೋಟೋ ಬೇಕಿದ್ದರೆ ಕೈ ಎತ್ತಿ ಸೂಚನೆ ಕೊಟ್ಟು, ಪಕ್ಕದ ತಡೆಗೋಡೆಗೆ ಸರಿದು, ಒಂದೇ ಸಲ ನಿಲ್ಲಿ. ಸೇತುವೆಯ ತುಂಡುಗಳು ಕೂಡುವಲ್ಲಿ ಕಬ್ಬಿಣದ ಪಟ್ಟಿಗಳಿವೆ. ಮಬ್ಬು ಬೆಳಕಿನಲ್ಲಿ, ಬೆವರು ಹನಿಗಳ ಮಧ್ಯೆ ಅವು ಜಾರಬಹುದು. ಪಾದ ಎತ್ತಿ ದಾಟಿ, ಮುಂದಿನವರು ಹಿಂದಿನವರಿಗೆ "ಪಟ್ಟಿ" ಎಂದು ಕೂಗಿ ಹೇಳಲಿ. ತಂಗಾಳಿ ಬೀಸುವುದರಿಂದ ಬಾಯಾರಿಕೆ ತಿಳಿಯದು, ಆದರೂ ನೀರಿನ ಮೇಜು ಬಿಡಬೇಡಿ.

ಗುಂಪು ಒಡೆಯುವುದು ಹೆಚ್ಚಾಗಿ ನೀರಿನ ಮೇಜಿನ ಬಳಿ. ಎಲ್ಲರೂ ಮೊದಲ ಮೇಜಿಗೇ ಮುಗಿಬೀಳುತ್ತಾರೆ, ಕೊನೆಯದು ಖಾಲಿ ಇರುತ್ತದೆ. ಕೊನೆಯ ಮೇಜಿನಿಂದ ತೆಗೆದುಕೊಂಡು, ಅದರಿಂದ ಐವತ್ತು ಮೀಟರ್ ಮುಂದೆ ರಸ್ತೆಯ ಅಂಚಿನಲ್ಲಿ ನಡೆಯುತ್ತಾ ಕುಡಿಯಿರಿ, ಎಲ್ಲರೂ ಕೂಡಿಕೊಂಡ ಮೇಲೆ ಓಟ. ಒಂದು ಸಲಕ್ಕೆ 100-150 ಮಿ.ಲೀ. ಸಾಕು. ಸಿಕ್ಕಲ್ಲೆಲ್ಲ ಬರೀ ನೀರು ತುಂಬಿಸಿಕೊಂಡರೆ ರಕ್ತದ ಉಪ್ಪು ತೆಳುವಾಗಿ ವಾಕರಿಕೆ, ತಲೆನೋವು, ಗಲಿಬಿಲಿ ಬರುತ್ತದೆ, ಪ್ರಾಣಕ್ಕೂ ಕುತ್ತಾಗಬಹುದು. ಓಆರ್‌ಎಸ್ ಒಯ್ಯುವುದಾದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಗಟ್ಟಿ ಮಾಡಿದರೆ ಹೊಟ್ಟೆ ಕೆಡುತ್ತದೆ. ಗಂಟೆಗೆ 30 ಗ್ರಾಂನಷ್ಟಾದರೂ ಸಕ್ಕರೆ ಅಂಶ ಬೇಕು. ಓಟಗಾರರು ಹೀರುವ ಸಕ್ಕರೆ ಪಾಕದಂಥ ಜೆಲ್‌ನ ಒಂದು ಪೊಟ್ಟಣದಲ್ಲಿ 20-25 ಗ್ರಾಂ ಇರುತ್ತದೆ, ಜೆಲ್ ಒಗ್ಗದವರು ಖರ್ಜೂರ ಅಥವಾ ಬೆಲ್ಲದ ತುಂಡು ಇಟ್ಟುಕೊಳ್ಳಲಿ. ಮೊದಲನೆಯದು 45ನೇ ನಿಮಿಷಕ್ಕೆ.

ವರ್ಲಿ, ಹಾಜಿ ಅಲಿ ಆದ ಮೇಲೆ ಪೆಡ್ಡರ್ ರೋಡಿನ ಏರು. ದಿಣ್ಣೆ ಅಂಥ ಎತ್ತರವೇನಲ್ಲ, ಆದರೆ ಅದು ಬರುವುದು ಕಾಲು ದಣಿದ ಹೊತ್ತಿಗೆ. ಹೆಜ್ಜೆ ಚಿಕ್ಕದು ಮಾಡಿ, ಕಣ್ಣು ಹತ್ತು ಮೀಟರ್ ಮುಂದಿರಲಿ, ಕೈ ಬೀಸು ಬಿಡಬೇಡಿ. ಇಲ್ಲಿ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ. ಅಕ್ಕಪಕ್ಕದ ಕಟ್ಟಡಗಳ ಜನ ಬೀದಿಗಿಳಿದು ಹುರಿದುಂಬಿಸುತ್ತಾರೆ, ಆ ಉಮೇದಿಗೆ ವೇಗ ಏರಿಸಿದರೆ ಮರೀನ್ ಡ್ರೈವ್‌ನಲ್ಲಿ ಸಾಲ ತೀರಿಸಬೇಕಾಗುತ್ತದೆ. ಕೆಂಪ್ಸ್ ಕಾರ್ನರ್ ಕಡೆಗಿನ ಇಳಿಜಾರಿನಲ್ಲೂ ದಡದಡ ಇಳಿಯಬೇಡಿ, ಮರುದಿನ ತೊಡೆ ಹಿಡಿದುಕೊಳ್ಳುವುದು ಅದರಿಂದಲೇ. ಇದಕ್ಕೆಂದೇ ಊರಿನಲ್ಲಿ ವಾರಕ್ಕೊಮ್ಮೆ ಯಾವುದಾದರೂ ಫ್ಲೈಓವರ್ ಏರಿಳಿದು ಅಭ್ಯಾಸ ಮಾಡಬೇಕು, ಬೆಳಗಿನ ಜಾವ, ಪಕ್ಕದ ಕಾಲುದಾರಿ ಇರುವ ಕಡೆ.

ಮರೀನ್ ಡ್ರೈವ್ ಸಮತಟ್ಟು, ಆದರೆ ಬಾಗಿದ ದಾರಿ. ಕೊನೆ ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಹತ್ತಿರ ಬರುವುದಿಲ್ಲ. ದೂರ ನೋಡದೆ ಮುಂದಿನ ದೀಪದ ಕಂಬ, ಅದಾದ ಮೇಲೆ ಮತ್ತೊಂದು ಎಂದು ಓಡಿ. ಯಾರಿಗಾದರೂ ಎದೆ ಬಿಗಿದರೆ, ಕಣ್ಣು ಕತ್ತಲಿಟ್ಟರೆ, ಬಿಸಿಲಲ್ಲೂ ಮೈ ನಡುಗಿದರೆ ಅಲ್ಲೇ ನಿಲ್ಲಿಸಿ. ಒಬ್ಬರು ಜೊತೆಗಿರಲಿ, ಇನ್ನೊಬ್ಬರು ಹತ್ತಿರದ ವೈದ್ಯಕೀಯ ತಂಡವನ್ನು ಕರೆಯಲಿ.

ಮುಗಿದ ಮೇಲೆ

ಮುಕ್ತಾಯದ ಬಳಿ ಫೋನ್ ಸಿಗುವುದು ಕಷ್ಟ. ಸೇರುವ ಜಾಗ ಮೊದಲೇ ಒಂದು ಗೊತ್ತುಮಾಡಿ, ಉದಾಹರಣೆಗೆ ಚರ್ಚ್‌ಗೇಟ್ ನಿಲ್ದಾಣದೆದುರಿನ ಇರೋಸ್ ಕಟ್ಟಡ. ದಾರಿಯಲ್ಲಿ ತಪ್ಪಿಹೋದವರನ್ನು ಹುಡುಕುತ್ತಾ ಹಿಂದಕ್ಕೆ ಓಡಬೇಡಿ, ಎಲ್ಲರೂ ನೇರ ಅಲ್ಲಿಗೇ ಬರಲಿ. ಗೆರೆ ದಾಟಿದ ಕೂಡಲೇ ಕೂರದೆ ಹತ್ತು ನಿಮಿಷ ನಡೆಯಿರಿ, ಒಣ ಅಂಗಿ ಹಾಕಿಕೊಳ್ಳಿ, ಅರ್ಧ ಗಂಟೆಯೊಳಗೆ ಏನಾದರೂ ತಿನ್ನಿ. ಭಾನುವಾರ ಹಗಲು ಹಳಿಗಳ ದುರಸ್ತಿಗೆಂದು ಲೋಕಲ್ ರೈಲುಗಳನ್ನು ತಡೆಯುವ ಮೆಗಾ ಬ್ಲಾಕ್ ಇರುವುದುಂಟು, ಯಾವ ಮಾರ್ಗದಲ್ಲಿ ಎಂದು ಶನಿವಾರವೇ ನೋಡಿಟ್ಟುಕೊಂಡು ರೂಮಿಗೆ ಮರಳಿ.

ಅದೇ ಸಂಜೆ ಹಣ ಕೊಟ್ಟ ಒಬ್ಬೊಬ್ಬರಿಗೂ ಓಟದ ಫೋಟೋ, ಒಟ್ಟು ಕೂಡಿದ ಮೊತ್ತ ಬರೆದು ಕಳಿಸಿ. ರಸೀದಿ ಬಾರದವರ ಹೆಸರನ್ನು ಪಟ್ಟಿ ಮಾಡಿ, ಸೋಮವಾರ ಸಂಸ್ಥೆಗೆ ಫೋನ್ ಮಾಡಲು ಗುಂಪಿನಲ್ಲಿ ಒಬ್ಬರಿಗೆ ವಹಿಸಿ.