ಹಂಪಿಯ ಗುಂಡುಕಲ್ಲುಗಳ ಚಿತ್ರ ಬಿಡಿಸುವುದಾದರೆ ಬಿರುಕಿನಿಂದ ಶುರು ಮಾಡಿ

ಹಂಪಿಗೆ ಸ್ಕೆಚ್ ಪುಸ್ತಕ ಹಿಡಿದು ಬರುವವರಲ್ಲಿ ಹೆಚ್ಚಿನವರು ಕೂತ ಕೂಡಲೇ ದುಂಡು ಗೆರೆ ಎಳೆಯುತ್ತಾರೆ. ಒಂದು ಗುಂಡು, ಅದರ ಮೇಲೆ ಇನ್ನೊಂದು. ಕೊನೆಗೆ ಆಲೂಗಡ್ಡೆ ಮೂಟೆ ಸುರಿದ ಹಾಗೆ ಕಾಣುತ್ತದೆ. ನನ್ನ ಜೊತೆ ಬಿಡಿಸಲು ಬರುವವರಿಗೆ ನಾನು ಹೇಳುವುದಿಷ್ಟೇ: ಗುಂಡನ್ನು ಬಿಡಿ, ಮೊದಲು ಬಿರುಕು ಹುಡುಕಿ.

ಯಾಕಂದ್ರೆ ಈ ಗುಂಡುಗಳು ಎಲ್ಲಿಂದಲೋ ಉರುಳಿ ಬಂದು ರಾಶಿಯಾದವಲ್ಲ. ಇದು ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಗಟ್ಟಿಯಾದ ಗ್ರಾನೈಟ್. ರಾಮನಗರದ ಬೆಟ್ಟಗಳೂ ಇದೇ ಗ್ರಾನೈಟಿನ ಉದ್ದನೆಯ ಪಟ್ಟೆಗೆ ಸೇರಿದವು. ಮೇಲಿದ್ದ ಕಲ್ಲು ಸವೆದು ಭಾರ ಇಳಿದಂತೆ ಬಂಡೆ ಅಡ್ಡಡ್ಡ, ಉದ್ದುದ್ದ ಸೀಳಿತು. ಸೀಳಿನೊಳಗೆ ನೀರು ಇಳಿಯಿತು. ಮೂಲೆಗೆ ಮೂರು ಕಡೆಯಿಂದ ಏಟು, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೂಲೆ ಮೊದಲು ಪುಡಿಯಾಯಿತು, ಚೌಕದ ಕಲ್ಲು ದುಂಡಗಾಯಿತು. ಪುಡಿ ಮಳೆಗೆ ಕೊಚ್ಚಿಹೋಗಿ, ಗಟ್ಟಿ ತಿರುಳು ಇದ್ದಲ್ಲೇ ಉಳಿಯಿತು. ನೀವೂ ಅದೇ ಕ್ರಮದಲ್ಲಿ ಬಿಡಿಸಿ.

ಮಾತಂಗ ಬೆಟ್ಟದ ಬುಡದಲ್ಲಿ ಸಂಜೆ ನಾಲ್ಕರ ಮೇಲೆ ಕೂತುಕೊಳ್ಳಿ. ಓರೆ ಬಿಸಿಲಿಗೆ ಸೀಳುಗಳು ಕಪ್ಪಗೆ ಕಾಣುತ್ತವೆ. ಕಣ್ಣು ಅರ್ಧ ಮುಚ್ಚಿ ನೋಡಿ; ಒಂದು ಗುಂಡಿನ ಕೆಳಗಿನ ಸೀಳು ಪಕ್ಕದ್ದರ ಕೆಳಗೂ ಹಾಗೇ ಸಾಗಿರುತ್ತದೆ, ಅಲ್ವಾ? ಆ ಗೆರೆಗಳನ್ನು 2ಬಿ ಪೆನ್ಸಿಲಿನಲ್ಲಿ ಹಗುರವಾಗಿ ಹಾಳೆಯ ಅಂಚಿನವರೆಗೂ ಎಳೆಯಿರಿ. ಆಮೇಲೆ ಸಿಕ್ಕ ಚೌಕಗಳ ಮೂಲೆಗಳನ್ನು ಸವೆಸುತ್ತಾ ಬನ್ನಿ. ಎರಡು ಗುಂಡು ಮುಟ್ಟುವ ಜಾಗದಲ್ಲಿ ಮಾತ್ರ ಇನ್ನೂ ಕಪ್ಪಗೆ ಮೂಡುವ 6ಬಿ ಪೆನ್ಸಿಲ್ ಒತ್ತಿ. ಕಲ್ಲಿಗೆ ಭಾರ ಬರುವುದು ಅಲ್ಲಿಂದಲೇ.

ಬಣ್ಣದ ವಿಷಯ ಜಾಸ್ತಿ ಇಲ್ಲ. ಹತ್ತಿರ ಹೋದರೆ ಕಲ್ಲಿನೊಳಗಿನ ಖನಿಜಗಳು, ಅಂದರೆ ಗುಲಾಬಿ ಫೆಲ್ಡ್‌ಸ್ಪಾರ್, ಬೂದು ಕ್ವಾರ್ಟ್ಸ್, ಕಾಗೆಬಂಗಾರದ ಕಪ್ಪು ಚುಕ್ಕಿ ಕಾಣುತ್ತವೆ. ದೂರದ ಬೆಟ್ಟ ಬಿಡಿಸುವಾಗ ಸುಮ್ನೆ ಆ ಚುಕ್ಕಿ ಇಡುತ್ತಾ ಕೂರಬೇಡಿ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಚೂರು ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಸಾಕು. ಮಳೆನೀರು ಇಳಿದ ಕಡೆ ಇರುವ ಕಪ್ಪು ಪಟ್ಟೆಯನ್ನು ಮೇಲಿಂದ ಕೆಳಕ್ಕೆ ಒಂದೇ ಎಳೆತದಲ್ಲಿ ಬಿಡಿ. ಗುಂಡಿನ ಉಬ್ಬನ್ನು ಅದೇ ತೋರಿಸುತ್ತದೆ.

ಕೆಲವು ಬಂಡೆಗಳ ಒಂದು ಮುಖ ಮಾತ್ರ ಚಪ್ಪಟೆಯಾಗಿದ್ದು, ಅಂಚಿನಲ್ಲಿ ಸಾಲಾಗಿ ಸಣ್ಣ ಚೌಕ ಕುಳಿಗಳಿರುತ್ತವೆ. ಅದು ನೀರಿನ ಕೆಲಸ ಅಲ್ಲ. ವಿಜಯನಗರದ ಕಾಲದ ಕಲ್ಲುಕುಟಿಗರು ಬೆಣೆ ಹೊಡೆದು ಸೀಳಿದ್ದು. ಅಲ್ಲಿ ಅಂಚು ಸವೆಸಬೇಡಿ. ಸ್ಕೇಲ್ ಇಟ್ಟು ಎಳೆದರೂ ತಪ್ಪಿಲ್ಲ.